ಲೇಬಲ್ ಒಬ್ಬರದು, ಕೈ ಇನ್ನೊಬ್ಬರದು: ಹಳೆಯ ಲೆನ್ಸಿನ ನಿಜವಾದ ತಯಾರಕರನ್ನು ಪತ್ತೆಹಚ್ಚುವ ಬಗೆ

ಕರಾವಳಿಯಲ್ಲಿ ಬೀಡಿ ಕಟ್ಟುವ ಮನೆಗಳನ್ನು ಕಂಡವರಿಗೆ ಈ ಲೇಖನದ ಅರ್ಧ ಸಂಗತಿ ಆಗಲೇ ಗೊತ್ತು. ಎಲೆ, ಹೊಗೆಸೊಪ್ಪು ಕೊಡುವವರು ಒಬ್ಬರು. ಜಗಲಿಯಲ್ಲಿ ಕುಳಿತು, ಮೊರವನ್ನು ಮಡಿಲಲ್ಲಿಟ್ಟು ಕಟ್ಟುವವರು ಇನ್ನೊಬ್ಬರು. ಅಂಗಡಿಯಲ್ಲಿ ಕಾಣುವುದು ಮಾತ್ರ ಮೊದಲಿನವರ ಲೇಬಲ್. ಕಟ್ಟಿದ ಕೈ ಯಾರದೆಂದು ಸೇದುವವನು ಕೇಳುವುದಿಲ್ಲ.

1960ರ ದಶಕದಿಂದ ಸುಮಾರು 1990ರವರೆಗೆ ಕ್ಯಾಮೆರಾ ಲೆನ್ಸಿನ ವ್ಯಾಪಾರದ ಒಂದು ದೊಡ್ಡ ಭಾಗ ನಡೆದದ್ದೂ ಹೀಗೆಯೇ. ವಿವಿಟಾರ್ ಎಂಬುದು ಕ್ಯಾಲಿಫೋರ್ನಿಯಾದ ಪಾಂಡರ್ ಆ್ಯಂಡ್ ಬೆಸ್ಟ್ ಎಂಬ ಆಮದುದಾರರ ಹೆಸರು. ಸೊಲಿಗಾರ್ ನ್ಯೂಯಾರ್ಕಿನ ಅಲೈಡ್ ಇಂಪೆಕ್ಸ್‌ನವರದು. ಪೋರ್ಸ್ಟ್ ಜರ್ಮನಿಯ ಫೋಟೊ ಅಂಗಡಿಗಳ ಸರಣಿ, ರೆವ್ಯೂನಾನ್ ಅದೇ ದೇಶದ ಕ್ವೆಲ್ಲೆ ಎಂಬ ಮಾರಾಟ ಸಂಸ್ಥೆಯ ಫೋಟೊ ವಿಭಾಗದ್ದು, ಹ್ಯಾನಿಮೆಕ್ಸ್ ಆಸ್ಟ್ರೇಲಿಯಾದ್ದು. ಗಾಜು ಉಜ್ಜಿ, ಹಿತ್ತಾಳೆ ಕಡೆದು, ಲೆನ್ಸು ಜೋಡಿಸಿದವರು ಬಹುಪಾಲು ಜಪಾನಿನ ಕಾರ್ಖಾನೆಗಳವರು: ಕೀನೋ, ಕೋಮಿನೆ, ಟೋಕಿನಾ, ಕೊಸಿನಾ, ಟೊಮಿಯೊಕಾ, ಸನ್.

ನಾನು ಈ ಪತ್ತೇದಾರಿಕೆಗೆ ಇಳಿದದ್ದು ಉಡುಪಿಯ ನಮ್ಮ ದೊಡ್ಡಪ್ಪನ ಒಂದು ವಿವಿಟಾರ್ ಲೆನ್ಸಿನಿಂದ. 135 ಮಿಲಿಮೀಟರ್, ಎಫ್ 2.8. ಕುವೈತಿನಿಂದ ರಜೆಯಲ್ಲಿ ಬಂದಾಗ ತಂದದ್ದು. ಅವರು ಲಾಗಾಯ್ತಿನಿಂದ ಹೇಳುತ್ತ ಬಂದ ಮಾತು ಒಂದೇ: "1976ರ ಪರ್ಯಾಯದ ಮೆರವಣಿಗೆಯನ್ನು ನಾನು ಇದರಲ್ಲೇ ತೆಗೆದದ್ದು." ಜೋಡುಕಟ್ಟೆಯಿಂದ ರಥಬೀದಿಗೆ ಬರುವ ಬಿರುದಾವಳಿ, ಕೊಂಬು, ಟ್ಯಾಬ್ಲೊಗಳ ಕಪ್ಪುಬಿಳುಪು ಚಿತ್ರಗಳು ಇಂದಿಗೂ ಮನೆಯಲ್ಲಿವೆ. ಲೆನ್ಸು ಹೇಳಿದ್ದು ಬೇರೆ ಮಾತು. ಆ ಜಗಳಕ್ಕೆ ಆಮೇಲೆ ಬರುತ್ತೇನೆ.

ತಯಾರಕರ ಹೆಸರು ತಿಳಿದು ಆಗಬೇಕಾದದ್ದೇನು ಎಂದು ಕೇಳುವವರಿದ್ದಾರೆ. ಸಂಗ್ರಾಹಕರ ಚಪಲವನ್ನು ಬದಿಗಿಡೋಣ. ನನಗೆ ಮುಖ್ಯವಾದದ್ದು ರಿಪೇರಿ. ಒಂದೇ ಕಾರ್ಖಾನೆಯಿಂದ ಎರಡು ಹೆಸರಿನಲ್ಲಿ ಹೊರಬಿದ್ದ ಲೆನ್ಸುಗಳ ಒಳಭಾಗ ಹಲವು ಸಲ ಒಂದೇ ಆಗಿರುತ್ತದೆ. ಫಂಗಸ್ ತಿಂದ ಒಂದು, ಬಿದ್ದು ನೆಗ್ಗಿದ ಇನ್ನೊಂದು ಸೇರಿಸಿ ಸುಸ್ಥಿತಿಯ ಒಂದನ್ನು ಮಾಡಿಕೊಳ್ಳಬಹುದು. ನಮ್ಮ ಊರಿನ ಹವೆಯಲ್ಲಿ ಇದು ಸಣ್ಣ ಮಾತಲ್ಲ.

ಮೊದಲು ಎಲ್ಲವನ್ನೂ ಬರೆದುಕೊಳ್ಳಿ

ಬೇಕಾದ ಸಾಮಾನು ಕಡಿಮೆ: ಒಂದು ಭೂತಗನ್ನಡಿ, ಟಾರ್ಚ್, ವರ್ನಿಯರ್ ಕ್ಯಾಲಿಪರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ನೋಟುಪುಸ್ತಕ. ಲೆನ್ಸಿನ ಮುಂದಿನ ಉಂಗುರದಲ್ಲಿರುವ ಪ್ರತಿ ಅಕ್ಷರವನ್ನೂ ಇದ್ದ ಹಾಗೆ ನಕಲು ಮಾಡಿ. ಕ್ರಮಸಂಖ್ಯೆ ಆ ಉಂಗುರದಲ್ಲಿ ಇಲ್ಲದಿದ್ದರೆ ಕೊಳವೆಯ ಬದಿಯಲ್ಲಿ, ಇಲ್ಲವೇ ಮೌಂಟಿನ (ಲೆನ್ಸು ಕ್ಯಾಮೆರಾಕ್ಕೆ ಕೂರುವ ಹಿಂಬದಿಯ ಭಾಗ) ಹತ್ತಿರ ಹುಡುಕಿ. ಬಣ್ಣ ಉದುರಿ ಓದಲಾಗದ ಅಂಕೆಗಳ ಮೇಲೆ ಟಾರ್ಚನ್ನು ನೇರವಾಗಿ ಬಿಡದೆ ಬದಿಯಿಂದ ಓರೆಯಾಗಿ ಬಿಟ್ಟರೆ ಕೊರೆದ ಗೆರೆಯಲ್ಲಿ ನೆರಳು ಬಿದ್ದು ಅಂಕೆ ಎದ್ದು ಬರುತ್ತದೆ. 3 ಮತ್ತು 8ರ ನಡುವೆ ಅನುಮಾನವಿದ್ದರೆ ಎರಡನ್ನೂ ಬರೆದಿಡಿ. ಊಹಿಸಿ ಒಂದನ್ನು ಬರೆದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಆಮೇಲೆ ಹೆಸರನ್ನು ನೋಡಿ. ಟೋಕಿನಾ, ಟ್ಯಾಮ್ರಾನ್, ಸಿಗ್ಮಾ ಎಂದಿದ್ದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಅವರು ತಮ್ಮ ಕಾರ್ಖಾನೆಯವರೇ. ಕಿರಾನ್ ಎಂದಿದ್ದರೆ ಅದು ಕೀನೋದವರ ಸ್ವಂತ ಬ್ರ್ಯಾಂಡ್. ವರ್ಷಗಟ್ಟಲೆ ಪರರ ಲೇಬಲಿಗೆ ದುಡಿದ ಮೇಲೆ 1980ರ ಹೊತ್ತಿಗೆ ತಮ್ಮದೇ ಹೆಸರು ಹಚ್ಚಿಕೊಂಡು ಹೊರಟರು. ಕೆಲವು 55 ಮಿ.ಮೀ. ಎಫ್ 1.2 ಲೆನ್ಸುಗಳ ಮೇಲೆ ಮಾರಾಟಗಾರರ ಹೆಸರಿನ ಜೊತೆಗೇ ಟೊಮಿಯೊಕಾ ಎಂದೂ ಕೊರೆದಿರುವುದುಂಟು. ಅಂಥದ್ದು ಕೈಗೆ ಸಿಕ್ಕರೆ ಈ ಲೇಖನ ಓದುವುದನ್ನು ಬಿಟ್ಟು ಜೋಪಾನ ಮಾಡಿ. ಕೋಮಿನೆಯವರಿಗೆ ಆ ಭಾಗ್ಯ ಅಷ್ಟಾಗಿ ಒದಗಲಿಲ್ಲ. ಅಷ್ಟು ಒಳ್ಳೆಯ ಲೆನ್ಸು ಮಾಡಿದವರ ಹೆಸರು ಉಂಗುರದ ಮೇಲೆ ಕಾಣುವುದೇ ಅಪರೂಪ.

ವಿವಿಟಾರ್ ಸಂಖ್ಯೆಯನ್ನು ಓದುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ನಮ್ಮ ಕಡೆಯ ಅಟ್ಟಗಳಿಂದ ಇಳಿಯುವ ಇಂಥ ಲೆನ್ಸುಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ವಿವಿಟಾರ್. ಸುಮಾರು 1970ರಿಂದ ಎರಡು ದಶಕಗಳ ಕಾಲ ವಿವಿಟಾರ್ ಕ್ರಮಸಂಖ್ಯೆಯ ಮೊದಲ ಒಂದೆರಡು ಅಂಕೆಗಳು ತಯಾರಕರ ಸಂಕೇತವಾಗಿದ್ದವು. 22 ಎಂದರೆ ಕೀನೋ. 28 ಎಂದರೆ ಕೋಮಿನೆ. 37 ಎಂದರೆ ಟೋಕಿನಾ. 9 ಅಥವಾ 09 ಎಂದರೆ ಕೊಸಿನಾ. 47 ಎಂದರೆ ಚಿನಾನ್. ಪಟ್ಟಿ ಇನ್ನೂ ಉದ್ದವಿದೆ, ಆದರೆ ಮೊದಲ ಮೂರನ್ನು ಬಾಯಿಪಾಠ ಮಾಡಿಕೊಂಡರೆ ಸಂತೆಯಲ್ಲಿ ನಿಂತು ಲೆನ್ಸು ತಿರುಗಿಸಿ ನೋಡುವಾಗ ಸಾಕಾಗುತ್ತದೆ.

ತಯಾರಕರ ಸಂಕೇತದ ನಂತರದ ಒಂದು ಅಂಕೆ ಇಸವಿಯ ಕೊನೆಯ ಅಂಕೆ. ಅದರ ಮುಂದಿನ ಎರಡು ಅಂಕೆಗಳು ಆ ವರ್ಷದ ಎಷ್ಟನೆಯ ವಾರ ಎಂಬುದು. ಉಳಿದದ್ದು ಲೆನ್ಸಿನ ಸರದಿ ಸಂಖ್ಯೆ. ದೊಡ್ಡಪ್ಪನ ಲೆನ್ಸಿನ ಸಂಖ್ಯೆ 28736 ಎಂದು ಶುರುವಾಗುತ್ತದೆ. ಬಿಡಿಸಿದರೆ: 28, ಕೋಮಿನೆ, 7, ಅಂದರೆ 1977 ಅಥವಾ 1987, 36, ಅಂದರೆ ಮೂವತ್ತಾರನೆಯ ವಾರ, ಸೆಪ್ಟೆಂಬರಿನ ಮೊದಲ ಭಾಗ.

ಇಲ್ಲಿಯೇ ಒಂದು ಪರೀಕ್ಷೆಯೂ ಅಡಗಿದೆ. ವಾರದ ಅಂಕೆ 53ನ್ನು ಮೀರುವಂತಿಲ್ಲ. ನೀವು ಬಿಡಿಸಿದಾಗ ವಾರದ ಜಾಗದಲ್ಲಿ 68 ಬಂದರೆ ಒಂದೋ ಅಂಕೆಯನ್ನು ತಪ್ಪಾಗಿ ಓದಿದ್ದೀರಿ, ಇಲ್ಲವೇ ಆ ಲೆನ್ಸು ಈ ಪದ್ಧತಿಗೆ ಸೇರಿದ್ದಲ್ಲ. 1960ರ ದಶಕದ ಮೊದಮೊದಲ ವಿವಿಟಾರ್‌ಗಳಿಗೆ ಈ ಸೂತ್ರ ಹೊಂದುವುದಿಲ್ಲ. ಬೇರೆ ಬ್ರ್ಯಾಂಡಿನ ಸಂಖ್ಯೆಗೆ ವಿವಿಟಾರ್ ಸೂತ್ರ ಹಚ್ಚುವುದಂತೂ ಪಕ್ಕದ ಮನೆಯ ಜಾತಕ ನೋಡಿ ನಮ್ಮ ಮನೆಯ ಮದುವೆ ನಿಶ್ಚಯಿಸಿದ ಹಾಗೆ. ಹಾಗೆ ಮಾಡುವವರು ಬೇಕಾದಷ್ಟಿದ್ದಾರೆ. ಸೊಲಿಗಾರ್‌ಗೆ ಅದರದೇ ಪದ್ಧತಿ ಇತ್ತು. ಪನಾಗೋರ್ ಮೇಲೆ 28 ಕಂಡರೆ ಅದು ಕೋಮಿನೆ ಆಗಬೇಕೆಂದಿಲ್ಲ.

ಈ ಸಂಕೇತಗಳ ಮಹತ್ವ ತಿಳಿಯಬೇಕಾದರೆ ವಿವಿಟಾರ್ ಸೀರೀಸ್ 1ರ 70-210 ಮಿ.ಮೀ. ಜೂಮನ್ನು ನೋಡಬೇಕು. ಹೆಸರು ಒಂದೇ, ಆದರೆ ಮಾಡಿದವರು ಬೇರೆಬೇರೆ. ಮೊದಲನೆಯದು ಕೀನೋ ಮಾಡಿದ ಎಫ್ 3.5, ಫಿಲ್ಟರ್ ಅಳತೆ 67 ಮಿ.ಮೀ. ಎರಡನೆಯದು ಟೋಕಿನಾ, ಅದೂ ಎಫ್ 3.5, ಆದರೆ ಫಿಲ್ಟರ್ 62 ಮಿ.ಮೀ. ಮೂರನೆಯದು ಕೋಮಿನೆಯ ಎಫ್ 2.8-4. ಆಮೇಲಿನದು ಕೊಸಿನಾ. ಮಾರುವವರು ಎಲ್ಲವನ್ನೂ ಒಂದೇ ಉಸಿರಿನಲ್ಲಿ "ಆ ಪ್ರಸಿದ್ಧ ಸೀರೀಸ್ 1" ಎನ್ನುತ್ತಾರೆ. ಕ್ಯಾಲಿಪರ್ ಹಿಡಿದು ಫಿಲ್ಟರ್ ಅಳೆದರೆ ಮೊದಲ ಎರಡನ್ನು ಸಂಖ್ಯೆ ಓದುವ ಮೊದಲೇ ಬೇರ್ಪಡಿಸಬಹುದು. ಆಮೇಲೆ 22, 37, 28 ಎಂಬ ಅಂಕೆಗಳು ಅದನ್ನು ಖಚಿತಪಡಿಸುತ್ತವೆ. ಸಂಖ್ಯೆ ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ದಶಕವನ್ನು ಮೌಂಟ್ ಹೇಳುತ್ತದೆ

7 ಎಂದರೆ 1977 ಎನ್ನಲು ಆಧಾರವೇನು, 1987 ಯಾಕಾಗಬಾರದು? ಇದಕ್ಕೆ ಉತ್ತರ ಲೆನ್ಸಿನ ಹಿಂಭಾಗದಲ್ಲಿದೆ. ಕ್ಯಾಮೆರಾ ಕಂಪೆನಿಗಳು ಮೌಂಟನ್ನು ಬದಲಿಸಿದ ಇಸವಿಗಳು ದಾಖಲಾಗಿವೆ. ಒಂದು ಮೌಂಟ್ ಹುಟ್ಟುವ ಮೊದಲು ಅದಕ್ಕೆ ಲೆನ್ಸು ಹುಟ್ಟುವುದಿಲ್ಲ. ಕ್ಯಾನನ್ ಎಫ್‌ಡಿ 1971. ಒಲಿಂಪಸ್ ಓಎಂ 1972. ಪೆಂಟಾಕ್ಸ್ ಕೆ ಮತ್ತು ಕಾಂಟಾಕ್ಸ್-ಯಾಶಿಕಾ ಮೌಂಟುಗಳು 1975. ನಿಕಾನ್ ಎಐ ಮತ್ತು ಮಿನೋಲ್ಟಾ ಎಂಡಿ 1977. ಪೆಂಟಾಕ್ಸ್ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಉಂಗುರದ ಮೇಲೆ 'ಎ' ಎಂಬ ಅಕ್ಷರ ಬಂದದ್ದು 1983ರಲ್ಲಿ. ನಿಕಾನ್ ಲೆನ್ಸಿನ ಅಪರ್ಚರ್ ಉಂಗುರಕ್ಕೆ ಮೊಲದ ಕಿವಿಯಂಥ ಲೋಹದ ತುಂಡು ಮಾತ್ರ ಇದ್ದು, ಉಂಗುರದ ಹಿಂಬದಿಯ ಅಂಚಿನಲ್ಲಿ ಮೆಟ್ಟಿಲಿನಂಥ ಕಡಿತ ಇಲ್ಲದಿದ್ದರೆ ಅದು ಎಐ ಪೂರ್ವದ ರಚನೆ.

ದೊಡ್ಡಪ್ಪನ ಲೆನ್ಸು ಪೆಂಟಾಕ್ಸ್ ಕೆ ಮೌಂಟಿನದು, ಉಂಗುರದಲ್ಲಿ 'ಎ' ಇಲ್ಲ. ಅದೊಂದರಿಂದಲೇ 1987 ಅಳಿಸಿಹೋಗುವುದಿಲ್ಲ, ಏಕೆಂದರೆ 'ಎ' ಇಲ್ಲದ ಅಗ್ಗದ ಲೆನ್ಸುಗಳು ಆಮೇಲೆಯೂ ಬಂದವು. ಆದರೆ ದೊಡ್ಡಪ್ಪ 1981ರಲ್ಲಿ ಕುವೈತ್ ಬಿಟ್ಟು ಊರಿಗೆ ಬಂದವರು. ಮನೆಯವರ ನೆನಪಿನಲ್ಲಿ ಇಸವಿ ತಪ್ಪಬಹುದು, ಕೆಲಸ ಬಿಟ್ಟ ಕಾಗದದಲ್ಲಿ ತಪ್ಪುವುದಿಲ್ಲ. ಹೀಗಾಗಿ 1977ರ ಸೆಪ್ಟೆಂಬರ್. ಪರ್ಯಾಯ ನಡೆಯುವುದು ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು. 1976ರ ಜನವರಿಯಲ್ಲಿ ಈ ಲೆನ್ಸು ಇನ್ನೂ ಹುಟ್ಟಿರಲಿಲ್ಲ. ಅದು ಕಂಡಿದ್ದರೆ 1978ರ ಪರ್ಯಾಯವನ್ನು ಕಂಡಿರಬೇಕು. ಇದಕ್ಕೆ ಎರಡನೆಯ ಸಾಕ್ಷಿ ಅದರ ಜೊತೆಗಿದ್ದ ಕ್ಯಾಮೆರಾ: ಪೆಂಟಾಕ್ಸ್ ಕೆ1000. ಅದು ಮಾರುಕಟ್ಟೆಗೆ ಬಂದದ್ದೇ 1976ರಲ್ಲಿ.

ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಅವರು ಲೆನ್ಸನ್ನು ನನ್ನ ಕೈಯಿಂದ ತೆಗೆದುಕೊಂಡು ಡಬ್ಬಿಗೆ ಹಾಕಿ, "ನೀನು ಆಗ ಹುಟ್ಟಿರಲೂ ಇಲ್ಲ ಮಾರಾಯ" ಎಂದರು.

ಮೌಂಟ್ ಕೆಲವೊಮ್ಮೆ ತಯಾರಕರನ್ನೂ ನೇರವಾಗಿ ತೋರಿಸಿಕೊಡುತ್ತದೆ. ಮೌಂಟನ್ನೇ ಬಿಚ್ಚಿ ಬದಲಿಸುವಂತಿದ್ದರೆ ಅದು ಯಾವ ಬಗೆಯದೆಂದು ನೋಡಿ. ಅಡಾಪ್ಟಾಲ್ ಟ್ಯಾಮ್ರಾನ್‌ನವರದು, ಮೊದಲನೆಯದು 1973, ಅಡಾಪ್ಟಾಲ್-2 ಬಂದದ್ದು 1979. ವೈಎಸ್ ಎಂದಿದ್ದರೆ ಸಿಗ್ಮಾ ಕಡೆಗೆ ನೋಡಿ. ಟಿ-ಮೌಂಟ್ 1957ರಲ್ಲಿ ಟ್ಯಾಮ್ರಾನ್‌ನವರೇ ಶುರುಮಾಡಿದ್ದರೂ ಆಮೇಲೆ ಎಲ್ಲರೂ ಬಳಸಿದ್ದರಿಂದ ಅದು ಸಾಕ್ಷಿಯಾಗದು. ಇನ್ನೊಂದು ಎಚ್ಚರ: ಟಿ-ಮೌಂಟಿನ ತಿರುಪು ಮತ್ತು ಹಳೆಯ ಪೆಂಟಾಕ್ಸಿನ ಎಂ42 ತಿರುಪು ಎರಡೂ 42 ಮಿ.ಮೀ. ಅಗಲವೇ. ಆದರೆ ಮೊದಲನೆಯದರ ಮರೆಯ, ಅಂದರೆ ತಿರುಪಿನ ಗೆರೆಗಳ, ಅಂತರ 0.75, ಎರಡನೆಯದರದು 1 ಮಿ.ಮೀ. ಒಂದೆರಡು ಸುತ್ತು ತಿರುಗಿ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಬಲ ಹಾಕಿದರೆ ಕ್ಯಾಮೆರಾದ ಮರೆ ಹೋಗುತ್ತದೆ.

ಸಂಖ್ಯೆ ಬಾಯಿಬಿಡದಿದ್ದರೆ ಅವಳಿಯನ್ನು ಹುಡುಕಿ

ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಮಂಗಳೂರು ಹಂಚಿಗೆ ಒಂದು ಪ್ರಾಮಾಣಿಕತೆ ಇದೆ. ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು, ಗುರುತು ಅಚ್ಚಾಗಿರುತ್ತದೆ. ಸೋವಿಯತ್ ಲೆನ್ಸುಗಳು ಈ ವಿಷಯದಲ್ಲಿ ನಮ್ಮ ಹಂಚಿನ ನೆಂಟರು: ಜೆನಿಟ್ ಕ್ಯಾಮೆರಾದ ಹೆಲಿಯೊಸ್ ಮೇಲೆ ಕಾರ್ಖಾನೆಯ ಲಾಂಛನ ಕೊರೆದಿರುತ್ತದೆ, ಕ್ರಮಸಂಖ್ಯೆಯ ಮೊದಲ ಎರಡು ಅಂಕೆ ಬಹುಮಟ್ಟಿಗೆ ಇಸವಿಯೇ. ಜಪಾನಿನ ಗುತ್ತಿಗೆ ಲೆನ್ಸುಗಳು ಹಾಗಲ್ಲ. ವಿವಿಟಾರ್ ಅಲ್ಲದ ಹೆಚ್ಚಿನ ಲೇಬಲುಗಳಲ್ಲಿ ನಂಬುವಂಥ ದಾರಿ ಒಂದೇ: ತಯಾರಕರು ಗೊತ್ತಿರುವ ಇನ್ನೊಂದು ಲೆನ್ಸಿನೊಂದಿಗೆ ಅಳತೆಗೆ ಅಳತೆ ಹೋಲಿಸುವುದು.

ಏನನ್ನು ಅಳೆಯಬೇಕು? ಹೊರಗಿನ ಅಲಂಕಾರವನ್ನಲ್ಲ. ರಬ್ಬರಿನ ವಿನ್ಯಾಸ, ಅಂಕೆಗಳ ಬಣ್ಣ, ಬೆಳ್ಳಿಯ ಪಟ್ಟಿ ಇವೆಲ್ಲ ಲೇಬಲಿನವರು ಹೇಳಿ ಮಾಡಿಸಿಕೊಂಡದ್ದು. ಮೂರು ಕಾರ್ಖಾನೆಯ ಮೂರು ವಿವಿಟಾರ್ ಲೆನ್ಸುಗಳು ಒಂದೇ ತಾಯಿಯ ಮಕ್ಕಳಂತೆ ಕಾಣುವುದು, ಒಂದೇ ಕಾರ್ಖಾನೆಯ ಎರಡು ಲೆನ್ಸುಗಳು ಬೇರೆಬೇರೆಯಾಗಿ ಕಾಣುವುದು ಇದೇ ಕಾರಣಕ್ಕೆ. ಬದಲಿಸಲು ದುಬಾರಿಯಾದದ್ದನ್ನು ಅಳೆಯಿರಿ: ಅತಿ ಹತ್ತಿರದ ಫೋಕಸ್ ದೂರ, ಅಪರ್ಚರ್ ಎಲೆಗಳ ಸಂಖ್ಯೆ, ಫಿಲ್ಟರ್ ಮರೆ, ಫೋಕಸ್ ಉಂಗುರ ತಿರುಗುವ ದಿಕ್ಕು ಮತ್ತು ಒಟ್ಟು ಸುತ್ತು, ತೂಕ, ಮುಂದಿನ ಮತ್ತು ಹಿಂದಿನ ಗಾಜಿನ ವ್ಯಾಸ.

ಇವೆಲ್ಲಕ್ಕಿಂತ ನನಗೆ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ರಾತ್ರಿ ಕೋಣೆಯಲ್ಲಿ ಒಂದೇ ಬಲ್ಬು ಉರಿಸಿ, ಲೆನ್ಸನ್ನು ಸ್ವಲ್ಪ ಓರೆಯಾಗಿ ಹಿಡಿದು ಒಳಗೆ ನೋಡಿ. ಬಲ್ಬಿನ ಪ್ರತಿಬಿಂಬಗಳು ಸಾಲಾಗಿ ಕಾಣುತ್ತವೆ. ಗಾಜು ಗಾಳಿಗೆ ತಾಗುವ ಪ್ರತಿ ಮೇಲ್ಮೈಗೂ ಒಂದು ಪ್ರಕಾಶಮಾನವಾದ ಪ್ರತಿಬಿಂಬ. ಎರಡು ಗಾಜುಗಳನ್ನು ಅಂಟಿಸಿದ ಕಡೆ ತೀರ ಮಂದವಾದ ಒಂದು. ಅಪರ್ಚರಿನ ಮುಂದೆ ಎಷ್ಟು, ಹಿಂದಿನಿಂದ ನೋಡಿದಾಗ ಎಷ್ಟು ಎಂದು ಎಣಿಸಿ ಬರೆದುಕೊಳ್ಳಿ. ಕೋನ ಬದಲಿಸಿದಾಗ ಯಾವ ಬಿಂಬ ಯಾವ ಕಡೆಗೆ ಓಡುತ್ತದೆ ಎಂಬುದನ್ನೂ ಗಮನಿಸಿ. ಎರಡು ಲೆನ್ಸುಗಳಲ್ಲಿ ಬಿಂಬಗಳ ಸಂಖ್ಯೆ, ಗಾತ್ರ, ಓಟ ಒಂದೇ ಇದ್ದರೆ ಒಳಗಿನ ಗಾಜಿನ ರಚನೆ ಒಂದೇ ಎನ್ನಲು ಗಟ್ಟಿ ಆಧಾರ ಸಿಕ್ಕಿತು. ಬಿಂಬಗಳ ಬಣ್ಣ ಮಾತ್ರ ಬೇರೆಯಾದರೆ ಗಾಬರಿ ಬೇಡ, ಲೇಪನ ಬದಲಾಗಿರಬಹುದು. ಮೊದಲ ಸಲ ಅರ್ಧ ಗಂಟೆ ಬೇಕು, ಕತ್ತೂ ನೋಯುತ್ತದೆ.

ಹೀಗೆ ಹೋಲಿಸಿದರೆ ಹೊರಬೀಳುವ ನೆಂಟಸ್ತಿಕೆಗಳು ಸ್ವಾರಸ್ಯದವು. 90 ಮಿ.ಮೀ. ಎಫ್ 2.8ರ ಕೋಮಿನೆ ಮ್ಯಾಕ್ರೊ ವಿವಿಟಾರ್, ಪನಾಗೋರ್, ಎಲಿಕಾರ್ ಮೊದಲಾದ ಹೆಸರುಗಳಲ್ಲಿ ಮಾರಾಟವಾಯಿತು. ಕಿರಾನ್ 105 ಮಿ.ಮೀ. ಎಫ್ 2.8 ಮ್ಯಾಕ್ರೊ ಅಮೆರಿಕದ ದಂತವೈದ್ಯರಿಗಾಗಿ ಲೆಸ್ಟರ್ ಡೈನ್ ಎಂಬ ಹೆಸರಿನಲ್ಲಿಯೂ ಹೋಯಿತು. ವಿವಿಟಾರ್ ಸೀರೀಸ್ 1ರ 90 ಮಿ.ಮೀ. ಎಫ್ 2.5 ಮ್ಯಾಕ್ರೊ ಮಾಡಿದ ಟೋಕಿನಾದವರು ಅದನ್ನೇ ಮುಂದೆ ತಮ್ಮ ಎಟಿ-ಎಕ್ಸ್ ಸಾಲಿಗೆ ತಂದುಕೊಂಡರು. ದೊಡ್ಡ ಮನೆತನದವರೂ ಇದಕ್ಕೆ ಹೊರತಲ್ಲ: ನಮ್ಮಲ್ಲಿ ಫೋಟೊಗ್ರಫಿ ಕಲಿಯುವ ಎಷ್ಟೋ ಹುಡುಗರ ಮೊದಲ ಕ್ಯಾಮೆರಾ ಆಗಿದ್ದ ನಿಕಾನ್ ಎಫ್‌ಎಂ10ನ್ನು ಮಾಡಿದವರು ಕೊಸಿನಾ.

ನಂಬಬಾರದ ಸಾಕ್ಷಿಗಳು

ಚಿನ್ನದ ಬಣ್ಣದ ಅಂಡಾಕಾರದ 'ಪಾಸ್ಡ್' ಚೀಟಿ ಜಪಾನಿನ ರಫ್ತು ತಪಾಸಣೆಯದು, ಅಷ್ಟೇ. ತಯಾರಕರ ಬಗ್ಗೆ ಅದು ಏನೂ ಹೇಳುವುದಿಲ್ಲ. ಚಿತ್ರ ಚೆನ್ನಾಗಿ ಬಂತು, ಆದ್ದರಿಂದ ಕೋಮಿನೆಯೇ ಇರಬೇಕು ಎಂಬ ವಾದವನ್ನು ಹಲವು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಅದು ಭಕ್ತಿ, ಸಾಕ್ಷಿಯಲ್ಲ. ಮಾರಾಟದ ಜಾಹೀರಾತು ಎಲ್ಲಕ್ಕಿಂತ ಅಪಾಯಕಾರಿ. ಒಮ್ಮೆ ಒಬ್ಬ ಮಾರಾಟಗಾರರಿಂದ ಕೀನೋ ಎಂಬ ಮಾತಿನ ಮೇಲೆ 28 ಮಿ.ಮೀ. ವಿವಿಟಾರ್ ತರಿಸಿದೆ, ಜಾಹೀರಾತಿನ ಚಿತ್ರದಲ್ಲಿ ಕ್ರಮಸಂಖ್ಯೆಯ ಮೇಲೆ ಹೆಬ್ಬೆರಳಿತ್ತು. ಬಂದದ್ದು 37. ಟೋಕಿನಾ ಕೆಟ್ಟದ್ದೆಂದಲ್ಲ, ಕೊಟ್ಟ ಹಣ ಕೀನೋದ್ದಾಗಿತ್ತು. ವಿವಿಟಾರ್ ಹೆಸರಿನ 28 ಮಿ.ಮೀ. ಲೆನ್ಸುಗಳನ್ನು ಕೀನೋ, ಕೋಮಿನೆ, ಟೋಕಿನಾ ಮೂವರೂ ಮಾಡಿದ್ದಾರೆ. ಸಂಖ್ಯೆಯ ಸ್ಪಷ್ಟ ಚಿತ್ರ ಕಳಿಸದವರಿಂದ ಈಗ ನಾನು ಕೊಳ್ಳುವುದಿಲ್ಲ.

ನನ್ನ ನಿಯಮ ಹೀಗಿದೆ: ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿ ಒಪ್ಪಿದರೆ ಮಾತ್ರ ಶಾಯಿಯಲ್ಲಿ ಬರೆಯುವುದು. ಸಂಖ್ಯೆ ಮತ್ತು ಅಳತೆ, ಅಥವಾ ಸಂಖ್ಯೆ ಮತ್ತು ಮೌಂಟಿನ ಕಾಲ. ಒಂದೇ ಸಾಕ್ಷಿ ಇದ್ದರೆ ಪೆನ್ಸಿಲ್.

ಬಿಚ್ಚುವ ಆಸೆಯಾದರೆ

ಒಳಗೆ ಏನಾದರೂ ಬರೆದಿದೆಯೋ ಎಂದು ನೋಡಲು ಲೆನ್ಸು ಬಿಚ್ಚಬೇಡಿ. ಅಪರೂಪಕ್ಕೆ ಸಿಗುವ ಗುರುತಿಗಾಗಿ ಸರಿಯಾಗಿದ್ದ ಫೋಕಸ್ ಕೆಡಿಸಿಕೊಂಡ ಹಾಗಾಗುತ್ತದೆ. ರಿಪೇರಿಗೆಂದು ಬಿಚ್ಚಲೇಬೇಕಾದಾಗ ನೋಡಿಕೊಂಡರೆ ಸಾಕು. ಆಗಲೂ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಬೇಡ. ಜಪಾನಿನ ತಿರುಪುಮೊಳೆಗಳ ತಲೆ ಜೆಐಎಸ್ ಎಂಬ ಜಪಾನಿ ಮಾನದಂಡದ ಅಳತೆಯದು. ನಮ್ಮ ಫಿಲಿಪ್ಸ್ ಮೊನೆ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ಸವೆಸಿಬಿಡುತ್ತದೆ. ಆಟಿಯಲ್ಲಂತೂ ಬಿಚ್ಚುವುದೇ ಬೇಡ. ಹೊರಗೆ ಮಳೆ ಹೊಯ್ಯುತ್ತಿರುವಾಗ ತೆರೆದ ಲೆನ್ಸಿನೊಳಗೆ ಹೋಗುವ ಗಾಳಿಯೇ ತೇವದ್ದು. ದೀಪಾವಳಿ ಕಳೆಯಲಿ.

ಅಂದ ಹಾಗೆ, ಪತ್ತೆಯಾದ ಲೆನ್ಸನ್ನು ಅದರ ಹಳೆಯ ಚರ್ಮದ ಚೀಲಕ್ಕೆ ಮರಳಿ ಹಾಕಬೇಡಿ. ಫಂಗಸ್ಸಿಗೆ ಚರ್ಮ ತವರುಮನೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಅಗ್ಗದ ಒಂದು ತೇವಮಾಪಕ. ಮುಳ್ಳು ಶೇಕಡ 40ರಿಂದ 50ರ ನಡುವೆ ಇದ್ದರೆ ಸಾಕು. ಸಂಖ್ಯೆ 22 ಆಗಿದ್ದರೆ, ಅಂದರೆ ಕೀನೋ ಆಗಿದ್ದರೆ, ಅಪರ್ಚರ್ ಎಲೆಗಳನ್ನು ಆಗಾಗ ನೋಡುತ್ತಿರಿ. ಎಲೆಗಳಿಗೆ ಎಣ್ಣೆ ಹರಿಯುವುದು ಆ ಮನೆತನದಲ್ಲಿ ಬರುವ ಕಾಯಿಲೆ. ತಯಾರಕರನ್ನು ತಿಳಿದರೆ ಇಂಥ ಉಪಯೋಗವೂ ಇದೆ.

ದೊಡ್ಡಪ್ಪ ಎರಡು ವಾರ ಸುಮ್ಮನಿದ್ದು, ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಅಟ್ಟ ಹತ್ತಿಸಿದರು. "ಆ ಲೆನ್ಸು ಅಲ್ಲದಿದ್ದರೆ ಬೇರೆ ಯಾವುದರಲ್ಲಿ ತೆಗೆದೆ ನಾನು? ಹುಡುಕು." ಹಿತ್ತಾಳೆ ಹಂಡೆಯ ಹಿಂದೆ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇನ್ನೊಂದು 135 ಸಿಕ್ಕಿತು: ಎಫ್ 3.5, ಎಂ42 ತಿರುಪಿನದು, ಗೆಳೆಯರೊಬ್ಬರ ಸ್ಪಾಟ್‌ಮ್ಯಾಟಿಕ್ ಕ್ಯಾಮೆರಾಕ್ಕೆಂದು ಕೊಂಡದ್ದಂತೆ. ಮುಂದಿನ ಉಂಗುರವೇ ಇಲ್ಲ. ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ. 1976ರ ಮೆರವಣಿಗೆ ಇದರ ಪಾಲಿಗೆ ಬಂದದ್ದರಿಂದ ದೊಡ್ಡಪ್ಪನಿಗೆ ಸಮಾಧಾನವಾಗಿದೆ. ಬಲ್ಬಿನ ಕೆಳಗೆ ಬಿಂಬಗಳನ್ನು ಎಣಿಸಿ, ಎಲೆಗಳನ್ನು ಎಣಿಸಿ, ತೂಗಿ ಬರೆದಿಟ್ಟಿದ್ದೇನೆ. ಅವಳಿ ಇನ್ನೂ ಸಿಕ್ಕಿಲ್ಲ. ಡಬ್ಬಿಯ ಚೀಟಿಯಲ್ಲಿ ತಯಾರಕರ ಹೆಸರಿನ ಜಾಗಕ್ಕೆ ಪೆನ್ಸಿಲನ್ನೂ ಮುಟ್ಟಿಸಿಲ್ಲ.